ನೇರಳೆ ಮುಚ್ಚಳದ ಟ್ಯೂಬು

ಇಂದು ಬೆಳಿಗ್ಗೆ ಜಯನಗರದ ಲ್ಯಾಬಿನಲ್ಲಿ ಅಕ್ಕನ ತೋಳಿನಿಂದ ರಕ್ತ ತೆಗೆಯುವಾಗ, ನೇರಳೆ ಮುಚ್ಚಳದ ಪುಟ್ಟ ಟ್ಯೂಬು ತುಂಬುವುದನ್ನೇ ನೋಡುತ್ತ ನಿಂತಿದ್ದೆ.

ಸ್ತನ ಕ್ಯಾನ್ಸರಿನ ಗಡ್ಡೆಯಿಂದ ಕಳಚಿಕೊಂಡ ಜೀವಕೋಶಗಳು ರಕ್ತದಲ್ಲೇ ಸಾಗುತ್ತವೆ; ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಉಳಿದು ಬೇರೂರುವವು ಯಾವುವು? ರೋಗಿಗಳ ರಕ್ತದಿಂದ ಬೇರ್ಪಡಿಸಿದ ಅಂಥ ಕೋಶಗಳನ್ನು ಇಲಿಗಳಲ್ಲಿ ಪರೀಕ್ಷಿಸಿದ 2020ರ ಅಧ್ಯಯನವೊಂದರಲ್ಲಿ, ಆರ್‌ಪಿಎಲ್15 ಎಂಬ ರೈಬೋಸೋಮ್ (ಕೋಶದೊಳಗೆ ಪ್ರೋಟೀನು ತಯಾರಿಸುವ ಯಂತ್ರ) ಪ್ರೋಟೀನು ಹೆಚ್ಚಾದ ಕೋಶಗಳು ಇತರ ರೈಬೋಸೋಮ್ ಪ್ರೋಟೀನುಗಳನ್ನೂ ಕೋಶವಿಭಜನೆಯನ್ನು ನಿಯಂತ್ರಿಸುವ ಪ್ರೋಟೀನುಗಳನ್ನೂ ಹೆಚ್ಚು ತಯಾರಿಸಿಕೊಂಡು ಹಲವು ಅಂಗಗಳಲ್ಲಿ ಬೆಳೆದವು. ಬದುಕಿಗೆ ಪ್ರೋಟೀನು ಕಟ್ಟಿಕೊಡುವ ಯಂತ್ರದ ಭಾಗವೇ ರೋಗಕ್ಕೂ ದುಡಿಯುತ್ತದೆಂಬುದು ನನ್ನನ್ನು ಬಹಳ ಕಲಕಿದೆ.

ಆದರೆ ಅದೇ ಬಳಗದ ಆರ್‌ಪಿಎಲ್5, ಆರ್‌ಪಿಎಲ್11 ಪ್ರೋಟೀನುಗಳು ಪಿ53 ಎಂಬ ಪ್ರೋಟೀನನ್ನು ನಾಶಕ್ಕೆ ತಳ್ಳುವ ಎಂಡಿಎಂ2 ಅನ್ನು ತಡೆದು, ಗಡ್ಡೆಗಳನ್ನು ಹತ್ತಿಕ್ಕುವ ಆ ಪಿ53 ಅನ್ನು ಕಾಪಾಡುತ್ತವೆ.

ಅಕ್ಕನ ರಿಪೋರ್ಟು ಸಂಜೆ ಬರಲಿದೆ.