ಆ ಪುಶ್ ವಾಪಸ್ ಬಂದಿದ್ದೇ ಒಳ್ಳೆಯದಾಯ್ತು

ಇವತ್ತು ಕೋಡ್ ಬರೆಯೋ ಎಐ ಏಜೆಂಟ್ ಒಂದರ ಪುಶ್ ಅನ್ನು, ಅಂದರೆ ಅದು ಕಳಿಸಿದ ಬದಲಾವಣೆಯನ್ನು, ಕೋಡ್ ಇಡೋ ತಾಣವಾದ ಗಿಟ್‌ಹಬ್ ತಿರಸ್ಕರಿಸಿತು. ಅದರಲ್ಲಿ ವರ್ಕ್‌ಫ್ಲೋ ಫೈಲ್ (ಕೋಡನ್ನು ತಾನಾಗೇ ಓಡಿಸೋಕೆ ಗಿಟ್‌ಹಬ್‌ಗೆ ಹೇಳೋ ಫೈಲ್) ಬದಲಾಗಿತ್ತು. ಏಜೆಂಟ್‌ನ ಟೋಕನ್‌ಗೆ (ಪಾಸ್‌ವರ್ಡ್ ಥರದ ಕೀಲಿ) 'ವರ್ಕ್‌ಫ್ಲೋ' ಸ್ಕೋಪ್, ಅಂದರೆ ಆ ಫೈಲ್ ತಿದ್ದೋ ಅನುಮತಿ, ಇಲ್ಲ ಅಂತ.

ತಕ್ಷಣ ಆ ಅನುಮತಿಗೆ ಟಿಕ್ ಹಾಕಿಬಿಡೋಣ ಅನ್ನಿಸುತ್ತೆ. ದಯವಿಟ್ಟು ಹಾಕಬೇಡಿ.

ಕೋಡ್ ತಿದ್ದೋದು ಬೇರೆ, ಆ ಕೋಡನ್ನು ಓಡಿಸೋ ವ್ಯವಸ್ಥೆಯನ್ನೇ ತಿದ್ದೋದು ಬೇರೆ. ಫೈನ್‌ಗ್ರೇನ್ಡ್ ಟೋಕನ್‌ನಲ್ಲಿ (ಅನುಮತಿಗಳನ್ನು ಒಂದೊಂದಾಗಿ ಆರಿಸಿ ಕೊಡೋ ಟೋಕನ್) 'ಕಂಟೆಂಟ್ಸ್' (ಕೋಡ್ ಫೈಲ್‌ಗಳು), 'ವರ್ಕ್‌ಫ್ಲೋಸ್' ಎರಡು ಪ್ರತ್ಯೇಕ ಅನುಮತಿ. ಏಜೆಂಟ್‌ಗೆ ಮೊದಲನೆಯದು ಸಾಕು, ಅದೂ ಒಂದೇ ರೆಪೊಗೆ (ಒಂದು ಪ್ರಾಜೆಕ್ಟಿನ ಕೋಡ್ ಸಂಗ್ರಹಕ್ಕೆ). ಏಜೆಂಟ್ ಓಡೋ ಮೆಷಿನ್‌ನಲ್ಲಿ ನಿಮ್ಮ ಎಸ್‌ಎಸ್‌ಎಚ್ ಕೀ (ಟೋಕನ್ ಇಲ್ಲದೇನೇ ಪುಶ್ ಮಾಡೋಕೆ ಬಿಡೋ ಕೀಲಿ) ಬಿದ್ದಿದ್ದರೆ ಮಾತ್ರ ಈ ತಡೆ ಇದ್ದೂ ಇಲ್ಲದಂತೆ. ಮೊದಲು ಅದನ್ನು ತೆಗೀರಿ.

ಇಷ್ಟಕ್ಕೇ ಸಮಾಧಾನ ಪಡೋ ಹಾಗಿಲ್ಲ. ವರ್ಕ್‌ಫ್ಲೋ ಫೈಲ್ ಮುಟ್ಟದೇನೇ ಅದರ ಕೆಲಸ ಬದಲಿಸಬಹುದು. ಅದು ಕರೆಯೋ ಡಿಪ್ಲಾಯ್ ಸ್ಕ್ರಿಪ್ಟ್ (ಕೋಡನ್ನು ಸರ್ವರ್‌ಗೆ ಏರಿಸೋದು), ಮೇಕ್‌ಫೈಲ್, ಪ್ಯಾಕೇಜ್ ಫೈಲಿನ ಸ್ಕ್ರಿಪ್ಟ್ ಸಾಲುಗಳು, ಇವೆಲ್ಲ ಮಾಮೂಲಿ ಕೋಡೇ, 'ಕಂಟೆಂಟ್ಸ್' ಅನುಮತಿಯಲ್ಲೇ ಬದಲಾಗುತ್ತವೆ. ಹಾಗಾಗಿ ಕೋಡ್‌ಓನರ್ಸ್ ಪಟ್ಟಿಗೆ (ಯಾವ ಫೈಲನ್ನು ಯಾರು ರಿವ್ಯೂ ಮಾಡಬೇಕು ಅನ್ನೋ ಪಟ್ಟಿ) ಅವನ್ನೂ ಸೇರಿಸಿ, ಆ ಪಟ್ಟಿಯ ಫೈಲನ್ನೂ ಸೇರಿಸಿ. ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ನಿಯಮದಲ್ಲಿ ಕೋಡ್ ಓನರ್ ರಿವ್ಯೂ ಕಡ್ಡಾಯ ಮಾಡದಿದ್ದರೆ ಪಟ್ಟಿ ಬರೀ ರಿವ್ಯೂ ಕೇಳುತ್ತೆ, ಮರ್ಜ್ (ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸೋದು) ತಡೆಯೋಲ್ಲ.

ಇನ್ನೂ ಒಂದಿದೆ, ಹೆಚ್ಚಿನವರು ಎಡವೋದು ಇಲ್ಲೇ. ರಿವ್ಯೂ ಕಾಯೋದು ಮರ್ಜ್ ಅನ್ನು ಮಾತ್ರ. ವರ್ಕ್‌ಫ್ಲೋ ಎಲ್ಲ ಬ್ರಾಂಚ್‌ಗಳ ಪುಶ್‌ಗೂ ಓಡೋ ಹಾಗಿದ್ದರೆ, ಏಜೆಂಟ್ ತನ್ನ ಬ್ರಾಂಚ್‌ಗೆ ಪುಶ್ ಮಾಡಿದ ಕ್ಷಣವೇ ತಿದ್ದಿದ ಸ್ಕ್ರಿಪ್ಟ್ ಓಡುತ್ತೆ, ವರ್ಕ್‌ಫ್ಲೋದ ಆ ಜಾಬ್‌ಗೆ ಕೊಟ್ಟ ರೆಪೊ ಸೀಕ್ರೆಟ್‌ಗಳ (ರೆಪೊದಲ್ಲಿ ಗುಟ್ಟಾಗಿಟ್ಟ ಕೀಲಿ, ಪಾಸ್‌ವರ್ಡ್‌ಗಳ) ಜೊತೆಗೇ. ಡಿಪ್ಲಾಯ್ ಮಾಡೋಕೆ ಬೇಕಾದ ಕೀಗಳನ್ನು ರೆಪೊ ಸೀಕ್ರೆಟ್‌ನಿಂದ ತೆಗೆದು ಎನ್ವಿರಾನ್‌ಮೆಂಟ್ ಸೀಕ್ರೆಟ್‌ಗೆ (ಆ ಎನ್ವಿರಾನ್‌ಮೆಂಟ್ ಬಳಸೋ ಜಾಬ್‌ಗೆ ಮಾತ್ರ ಸಿಗೋ ಸೀಕ್ರೆಟ್) ಹಾಕಿ, ಆ ಎನ್ವಿರಾನ್‌ಮೆಂಟ್ ಅನ್ನು ಮೇನ್ ಬ್ರಾಂಚ್‌ಗೆ ಮಾತ್ರ ಬಿಡಿ.