ಮುತ್ಯಾನ ಗ್ಯಾಸಿನ ಗುಳಿಗೆ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ಹೊಟ್ಟೆಯ ಆಮ್ಲ ತಗ್ಗಿಸುವ ಔಷಧವನ್ನು ಪ್ಯಾಂಟೊಪ್ರಜೋಲ್ ಅಂತ ಹೆಸರು ಹಿಡಿದು ಕೇಳುವವರು ಕಡಿಮೆ. "ಗ್ಯಾಸಿನ ಗುಳಿಗಿ ಕೊಡು ತಮ್ಮಾ" ಅಂದರೆ ಮುಗಿಯಿತು.

ನಮ್ಮ ಮುತ್ಯಾನಿಗೂ ಮೂರು ವರ್ಷದಿಂದ ದಿನಾ ಒಂದು. ತಂದು ಕೊಟ್ಟವನು ನಾನೇ. ಮಿರ್ಚಿ ಭಜಿ ತಿಂದು, ಆಮೇಲೆ ಗುಳಿಗೆ. ಒಂದು ದಿನ ನೋಡಿದರೆ, ನುಂಗೋಕೆ ಆಗಲ್ಲ ಅಂತ ಕುಟ್ಟಾಣಿಗೆ ಹಾಕಿ ಕುಟ್ಟುತ್ತಿದ್ದ. ತಡೆದೆ. "ಹೊಟ್ಯಾಗ ಹೋದ್ರೂ ಪುಡಿನೇ ಆಗ್ತದಲ್ಲೋ!" ಅಂದ.

ಆಗಲ್ಲ, ಮಜಾ ಇರುವುದೇ ಅಲ್ಲಿ. ಗುಳಿಗೆಗೆ ಲೇಪ ಹಚ್ಚಿರುವುದೇ ಹೊಟ್ಟೆಯ ಆಮ್ಲದಲ್ಲಿ ಕರಗಿ ಹಾಳಾಗದಿರಲಿ ಅಂತ. ಅದು ಕರುಳಿಗೆ ಹೋಗಿ ಕರಗಿ, ರಕ್ತ ಸೇರಿ, ಊರೆಲ್ಲಾ ಸುತ್ತಿ ಮತ್ತೆ ಹೊಟ್ಟೆಯ ಗೋಡೆಗೇ ಬರುತ್ತದೆ. ಅಲ್ಲಿನ ಜೀವಕೋಶಗಳಲ್ಲಿ ಪ್ರೋಟೀನಿನ ಪಂಪುಗಳಿವೆ. ಪೊಟ್ಯಾಸಿಯಂ ಒಳಗೆ ಎಳೆದುಕೊಂಡು ಪ್ರೋಟಾನ್, ಅಂದರೆ ಹುಳಿ ಕೊಡುವ ಹೈಡ್ರೋಜನ್ ಕಣ, ಹೊರಗೆ ತಳ್ಳುತ್ತವೆ. ಆಮ್ಲ ಹುಟ್ಟುವುದು ಹೀಗೆ. ಒಳಗೆ ಬಂದ ಪೊಟ್ಯಾಸಿಯಂ ವಾಪಸ್ ಹೋಗಲು ಪಕ್ಕದಲ್ಲೇ ಇನ್ನೊಂದು ಪ್ರೋಟೀನು, ಕೆಸಿಎನ್‌ಕ್ಯೂ1 ಅನ್ನುವ ಅಯಾನ್ ಚಾನೆಲ್, ಅಂದರೆ ವಿದ್ಯುದಾವೇಶದ ಕಣಗಳು ದಾಟುವ ದಾರಿ. ಪಂಪಿಗೆ ಶಕ್ತಿ ಖರ್ಚಾಗುತ್ತದೆ, ಚಾನೆಲ್‌ಗೆ ಸುಮ್ನೆ ಬಾಗಿಲು ತೆರೆದರೆ ಸಾಕು. ಆ ಬಾಗಿಲು ಮುಚ್ಚಿದರೆ ಪಂಪೂ ನಿಂತಂತೆ.

ಗುಳಿಗೆ ಹಿಡಿಯುವುದು ಮಾತ್ರ ಪಂಪನ್ನೇ. ಅದೂ ಹುಳಿ ತಾಗಿದ ಮೇಲೆ. ಆಗ ಔಷಧ ರೂಪ ಬದಲಿಸಿ, ಪಂಪಿನ ಪ್ರೋಟೀನ್ ಸರಪಳಿಯ 813ನೇ ಜಾಗದಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಗಂಧಕದ ಕೊಂಡಿ ಹಾಕಿ ಕೂರುತ್ತದೆ. ಸುಲಭಕ್ಕೆ ಬಿಡಲ್ಲ. ಹೊಸ ಪಂಪು ತಯಾರಾಗಬೇಕು. ಅದಕ್ಕೇ ಔಷಧ ಕೆಲವು ಗಂಟೆಗಳಲ್ಲಿ ರಕ್ತದಿಂದ ಹೋದರೂ ಪರಿಣಾಮ ದಿನವಿಡೀ ಇರುತ್ತದೆ. ಪಂಪುಗಳು ಏಳುವುದು ಊಟಕ್ಕೆ, ಹಾಗಾಗಿ ಅರ್ಧ ತಾಸು ಮೊದಲೇ ನುಂಗಬೇಕು. ಭಜಿ ಆದ ಮೇಲಲ್ಲ!

ಆಮೇಲೆ ಮುತ್ಯಾನಿಗೆ ರಾತ್ರಿ ಮೀನಖಂಡ ಹಿಡಿಯತೊಡಗಿತು. ವಯಸ್ಸಾಯ್ತು ಅಂದುಕೊಂಡೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರೆ ಮೆಗ್ನೀಸಿಯಂ ಕಡಿಮೆ. "ಗ್ಯಾಸಿನ ಗುಳಿಗೆ ಎಷ್ಟು ದಿನದಿಂದ?" ಅಂದರು. ನಾನು ನೆಲ ನೋಡಿದೆ. ಈ ಔಷಧ ವರ್ಷಕ್ಕಿಂತ ಜಾಸ್ತಿ ತಗೊಂಡರೆ ಹೀಗಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿತ್ತು. ಕರುಳಿನಲ್ಲಿ ಮೆಗ್ನೀಸಿಯಂ ಒಳಗೆ ಬಿಡುವ ಟಿಆರ್‌ಪಿಎಂ6 ಎಂಬ ಚಾನೆಲ್ ಇದೆ. ಆಮ್ಲ ತಗ್ಗಿದಾಗ ಅದು ಮಂಕಾಗುತ್ತದೆ ಅನ್ನುವುದು ಒಂದು ವಾದ. ಕಥೆ ಅಲ್ಲಿಗೇ ನಿಲ್ಲಲ್ಲ. ಕಿಡ್ನಿಯ ಪೊಟ್ಯಾಸಿಯಂ ಚಾನೆಲ್‌ಗೆ ಮೆಗ್ನೀಸಿಯಮ್ಮೇ ಬಿರಡೆ. ಬಿರಡೆ ಹೋದರೆ ಪೊಟ್ಯಾಸಿಯಂ ಮೂತ್ರದಲ್ಲಿ ಸೋರುತ್ತದೆ. ಎರಡೂ ಇಳಿದರೆ ಎದೆಬಡಿತದ ಲಯವೇ ತಪ್ಪಬಹುದು.

ಒಮ್ಮೆಲೇ ಬಿಟ್ಟರೆ ಆಮ್ಲ ಜೋರಾಗಿ ತಿರುಗಿ ಬರಬಹುದು ಅಂತ ಡಾಕ್ಟರು ಮೊದಲು ದಿನ ಬಿಟ್ಟು ದಿನ ಮಾಡಿದರು, ಆಮೇಲೆ ನಿಲ್ಲಿಸಿದರು. ಮುತ್ಯಾ ಭಜಿಯನ್ನು ನಾಲ್ಕರಿಂದ ಎರಡಕ್ಕೆ ಇಳಿಸಿದ್ದಾನೆ. ಕುಟ್ಟಾಣಿಯಲ್ಲಿ ಈಗ ಶೇಂಗಾ ಕುಟ್ಟುತ್ತಾನೆ.