ಸಹಿಗೆ ಮೊದಲು ಎಣಿಕೆ

ಎನ್‌ಸಿಸಿ ಕೊಠಡಿಯ ಕಬ್ಬಿಣದ ಬೀರುವಿನಲ್ಲಿ ಉದ್ದನೆಯ ರಿಜಿಸ್ಟರೊಂದಿತ್ತು. ಮೊದಲ ಪುಟದಲ್ಲಿ ‘ಈ ಪುಸ್ತಕದಲ್ಲಿ ಇಷ್ಟು ಪುಟಗಳಿವೆ’ ಎಂಬ ಒಕ್ಕಣೆ, ಅದರ ಕೆಳಗೆ ಅಧಿಕಾರಿಯ ಸಹಿ. ಪ್ರತಿ ಪುಟಕ್ಕೂ ನಂಬರು. ಒಳಗೆ ದಿನಾಂಕ, ರೈಫಲಿನ ಬಟ್ ನಂಬರು, ಬಾಡಿ ನಂಬರು, ಒಯ್ದ ಹೊತ್ತು, ಒಯ್ದವನ ಸಹಿ, ತಂದಿಟ್ಟ ಹೊತ್ತು, ನೋಡಿ ತೆಗೆದುಕೊಂಡವನ ಸಹಿ. ಬರೆಯುವಾಗ ತಪ್ಪಿದರೆ ಹಳೆಯದು ಓದುವಂತೆ ಅಡ್ಡಕ್ಕೆ ಒಂದೇ ಗೆರೆ, ಮೇಲೆ ಸರಿಯಾದ ಅಂಕಿ, ಪಕ್ಕದಲ್ಲಿ ಚಿಕ್ಕ ಸಹಿ. ಪುಟ ಹರಿಯುವಂತಿಲ್ಲ, ಬಿಳಿ ಬಳಿಯುವಂತಿಲ್ಲ. ಪತ್ರಿಕೆಗೆ ಕಾಲೇಜಿನ ನೆನಪು ಬರೆಯಿರಿ ಎಂದಾಗ ಮೊದಲು ಕಣ್ಣಿಗೆ ಬಂದದ್ದು ಆ ರಿಜಿಸ್ಟರು. ಸೇನೆಯ ಪ್ರಾಮಾಣಿಕತೆ ಎಂದು ಭಾಷಣಗಳಲ್ಲಿ ಕೇಳುವುದರ ಮುಕ್ಕಾಲು ಪಾಲು ಅದರ ಕಾಲಮ್ಮುಗಳಲ್ಲೇ ಇತ್ತು.

ಫೈರಿಂಗ್ ದಿನ ಅದು ಇನ್ನಷ್ಟು ಬಿಗಿ. ಪಾಯಿಂಟ್ ಟೂಟೂ ರೈಫಲಿಗೆ ಒಬ್ಬೊಬ್ಬರಿಗೆ ಐದು ಗುಂಡು ಕೊಟ್ಟರೆ ಐದರ ಲೆಕ್ಕವೂ ವಾಪಸು ಬರಬೇಕು: ಖಾಲಿ ಕೇಸು (ಗುಂಡು ಹಾರಿದ ಮೇಲೆ ಉಳಿಯುವ ಕೊಳವೆ), ಹಾರದ ಗುಂಡು, ಹೊಡೆಯದೆ ಉಳಿದ ಗುಂಡು, ಮೂರೂ ಸೇರಿ ಕೊಟ್ಟ ಸಂಖ್ಯೆಗೆ ಸಮ. ಆಮೇಲೆ ಪ್ರತಿಯೊಬ್ಬರೂ ‘ನನ್ನ ಬಳಿ ಗುಂಡಾಗಲಿ ಖಾಲಿ ಕೇಸಾಗಲಿ ಇಲ್ಲ’ ಎಂದು ಗಟ್ಟಿಯಾಗಿ ಹೇಳಬೇಕು. ಗುಜರಿಗೆ ಹಾಕಿದರೂ ಏನೂ ಗಿಟ್ಟದ ಕೇಸಿಗಾಗಿ ಹುಲ್ಲು ಜಾಲಾಡುವುದೇಕೆ ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಕಾರಣ ಸರಳ. ಒಂದು ಕೇಸು ಕಡಿಮೆ ಬಿದ್ದರೆ ಕಳೆದಿರುವುದು ಖಾಲಿ ಕೇಸೋ ಜೀವಂತ ಗುಂಡೋ ಎಂದು ಹೇಳುವ ದಾರಿಯೇ ಇರುವುದಿಲ್ಲ.

ಸೇನೆಯಲ್ಲಿ ಒಂದು ಕಂಪನಿಯ, ಅಂದರೆ ಸೈನಿಕರ ತುಕಡಿಯ, ಚಾರ್ಜ್ ತೆಗೆದುಕೊಳ್ಳುವ ಅಧಿಕಾರಿಯ ಕೆಲಸವೂ ಇದೇ, ಗಾತ್ರ ದೊಡ್ಡದು ಅಷ್ಟೆ. ಆಯುಧಗಳನ್ನು ಎಣಿಸಿದರೆ ಸಾಲದು, ನಂಬರು ಓದಬೇಕು. ಸಂಖ್ಯೆ ಸರಿಯಿದ್ದೂ ಒಂದು ರೈಫಲು ಪಕ್ಕದವರದ್ದಾಗಿರಬಹುದು. ರಿಪೇರಿಗೆ ಹೋದದ್ದಕ್ಕೆ ವರ್ಕ್‌ಶಾಪಿನ ರಸೀದಿ, ಎರವಲು ಕೊಟ್ಟದ್ದಕ್ಕೆ ಪಡೆದವರ ರಸೀದಿ ಕೈಗೆ ಬರಬೇಕು. ‘ಅಲ್ಲಿದೆ, ನಾಳೆ ಬರುತ್ತದೆ’ ಎಂಬ ಮಾತು ಲೆಕ್ಕಕ್ಕಿಲ್ಲ. ಎಣಿಸಿ ಮುಗಿಸಿದ ಕೋಣೆಗೆ ಬೀಗ ಹಾಕಿ ಬೀಗದ ಕೈ ತನ್ನಲ್ಲೇ ಇಟ್ಟುಕೊಳ್ಳಬೇಕು. ಇಲ್ಲವಾದರೆ ಇವತ್ತು ಇಲ್ಲಿ ಎಣಿಸಿದ ಸಾಮಾನು ನಾಳೆ ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಇನ್ನೊಮ್ಮೆ ಎಣಿಕೆಗೆ ಸಿಗುತ್ತದೆ. ಚಾರ್ಜ್ ವಹಿಸಿಕೊಂಡ ಪ್ರಮಾಣಪತ್ರದಲ್ಲಿ ಬರೆದ ಕೊರತೆ ಹೋಗುವವನ ತಲೆಗೆ, ಬರೆಯದೆ ಬಿಟ್ಟದ್ದು ಬಂದವನ ತಲೆಗೆ. ಹೋಗುವವನಿಗೆ ರಾತ್ರಿಯ ರೈಲು, ಬಂದವನಿಗೆ ದಾಕ್ಷಿಣ್ಯ. ಹೆಚ್ಚಿನ ಅನಾಹುತ ಇಲ್ಲೇ ಹುಟ್ಟುತ್ತದೆ.

ನಾಗರಿಕ ಕಚೇರಿಗಳಲ್ಲಿ ಇದರ ಜಾಗದಲ್ಲಿರುವುದು ‘ಈ ದಿನ ಪೂರ್ವಾಹ್ನ ಅಧಿಕಾರ ವಹಿಸಿಕೊಂಡಿದ್ದೇನೆ’ ಎಂಬ ಒಂದು ಹಾಳೆ. ಕಡತಗಳ ಪಟ್ಟಿ ಲಗತ್ತಿಸಿದೆ ಎಂದು ಬರೆದಿರುತ್ತದೆ, ಅನೇಕ ಸಲ ಲಗತ್ತು ಇರುವುದಿಲ್ಲ. ಸೇನೆಯವರು ಹುಟ್ಟಾ ಸತ್ಯವಂತರು, ಉಳಿದವರು ಅಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ವ್ಯತ್ಯಾಸ ಹೆಸರು ಬರೆಯುವ ಹೊತ್ತಿನಲ್ಲಿದೆ. ಅಲ್ಲಿ ಹೊಣೆಗಾರನ ಹೆಸರು ಅವಘಡಕ್ಕೆ ಮೊದಲೇ ಬರೆದಿಟ್ಟಿರುತ್ತದೆ. ಇಲ್ಲಿ ಅವಘಡವಾದ ಮೇಲೆ ಹುಡುಕಲು ಸಮಿತಿ ಕೂರುತ್ತದೆ.

2017ರ ಜೂನ್ 17ರ ನಸುಕಿನಲ್ಲಿ ಅಮೆರಿಕದ ಯುದ್ಧನೌಕೆ ಫಿಟ್ಜ್‌ಜೆರಾಲ್ಡ್ ಜಪಾನಿನ ಬಳಿ ಸರಕು ಹಡಗಿಗೆ ಡಿಕ್ಕಿಯಾಗಿ 7 ನಾವಿಕರು ಸತ್ತರು. ಕ್ಯಾಪ್ಟನ್ ಆಗ ತಮ್ಮ ಕ್ಯಾಬಿನ್ನಿನಲ್ಲಿ ಮಲಗಿದ್ದರು. ಆದರೂ ಹುದ್ದೆ ಹೋಯಿತು. ಆಗಸ್ಟ್‌ನಲ್ಲಿ ಮೆಕೇನ್ ನೌಕೆಯೂ ಡಿಕ್ಕಿಯಾಗಿ 10 ಮಂದಿ ಸತ್ತಾಗ ಎರಡೂ ನೌಕೆಗಳಿದ್ದ ಏಳನೇ ನೌಕಾಪಡೆಯ ಮುಖ್ಯಸ್ಥರನ್ನೇ ಇಳಿಸಲಾಯಿತು. ಫಿಟ್ಜ್‌ಜೆರಾಲ್ಡ್ ಕ್ಯಾಪ್ಟನ್ ಮೇಲಿನ ಕ್ರಿಮಿನಲ್ ಆರೋಪಗಳನ್ನು 2019ರಲ್ಲಿ ಕೈಬಿಟ್ಟರು, ಆದರೆ ಹಡಗು ಮಾತ್ರ ಅವರಿಗೆ ಮತ್ತೆ ಸಿಗಲಿಲ್ಲ. ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ: ಈತ ಅಪರಾಧಿಯೇ? ಈತನ ಕೈಗೆ ಇನ್ನೂ ಹಡಗು ಕೊಡಬಹುದೇ? ಎರಡನೆಯದಕ್ಕೆ ನಂಬಿಕೆ ಹೋಯಿತು ಎಂಬುದೇ ಸಾಕು. ನಾಗರಿಕ ಆಡಳಿತ ಎರಡನ್ನೂ ಒಂದೇ ಕಟ್ಟು ಮಾಡಿಬಿಡುತ್ತದೆ, ಹಾಗಾಗಿ ಅಪರಾಧ ಸಾಬೀತಾಗುವ ತನಕ ಕುರ್ಚಿ ಅಲುಗುವುದಿಲ್ಲ.

ಅಂತರರಾಷ್ಟ್ರೀಯ ಕಾನೂನೂ ಸೇನೆಗೂ ನಾಗರಿಕರಿಗೂ ನಡುವಿನ ಈ ಅಂತರವನ್ನು ಬರಹಕ್ಕಿಳಿಸಿದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಬುನಾದಿಯಾದ 1998ರ ರೋಮ್ ಶಾಸನದ 28ನೇ ವಿಧಿ ನೋಡಿ. ಕೈಕೆಳಗಿನವರು ಯುದ್ಧಾಪರಾಧ ಮಾಡುತ್ತಿರುವುದು ಸೇನಾ ಕಮಾಂಡರನಿಗೆ ತಿಳಿದಿತ್ತು, ಅಥವಾ ಆ ಸಂದರ್ಭದಲ್ಲಿ ತಿಳಿದಿರಬೇಕಿತ್ತು ಎಂದಾದರೆ, ತಡೆಯದಿದ್ದುದಕ್ಕೆ ಆತ ಹೊಣೆ. ನಾಗರಿಕ ಮೇಲಧಿಕಾರಿಯಾದರೆ ಆತನಿಗೆ ತಿಳಿದಿತ್ತು, ಇಲ್ಲವೇ ಸ್ಪಷ್ಟವಾಗಿ ಸೂಚಿಸುವ ಮಾಹಿತಿಯನ್ನು ಬೇಕೆಂದೇ ಕಡೆಗಣಿಸಿದ ಎಂದು ತೋರಿಸಬೇಕು. ‘ನನಗೆ ಗೊತ್ತಿರಲಿಲ್ಲ’ ಎಂಬ ಉತ್ತರ ಒಬ್ಬನಿಗೆ ಆಸರೆ, ಇನ್ನೊಬ್ಬನಿಗೆ ಅದೇ ಆರೋಪ. ನಮ್ಮ ದೇಶ ಈ ಶಾಸನಕ್ಕೆ ಸೇರಿಲ್ಲ. ನಮ್ಮಲ್ಲಿರುವುದು 1950ರ ಸೇನಾ ಕಾಯ್ದೆ. ಅದರ 57ನೇ ಕಲಮಿನ ಪ್ರಕಾರ ವರದಿ, ಪಟ್ಟಿ, ಪ್ರಮಾಣಪತ್ರದಲ್ಲಿ ತಿಳಿದೂ ಸುಳ್ಳು ಬರೆದರೆ 14 ವರ್ಷದವರೆಗೆ ಸೆರೆವಾಸ. ಆಯುಧ, ಮದ್ದುಗುಂಡು, ಸಂಬಳದ ಕಾಗದಕ್ಕೆ ಸಹಿ ಹಾಕುವಾಗ ಮುಖ್ಯ ಭಾಗವನ್ನು ವಂಚನೆಯಿಂದ ಖಾಲಿ ಬಿಡುವುದೂ 58ನೇ ಕಲಮಿನಡಿ ಅಪರಾಧ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುವ ರೂಢಿ ಎಷ್ಟು ಕಡೆ ಇದೆ ಎಂದು ಓದುಗರೇ ನೆನೆಸಿಕೊಳ್ಳಲಿ.

ಆದರೆ ಕಾಗದ ಬಿಗಿಯಾದಷ್ಟೂ ಸುಳ್ಳು ಕಾಗದದೊಳಗೇ ನುಸುಳುತ್ತದೆ. ಅಮೆರಿಕದ ಸೇನೆಯಲ್ಲಿ 2002ರಲ್ಲಿ ಲೆಕ್ಕ ಹಾಕಿದಾಗ ಕಂಪನಿ ಕಮಾಂಡರುಗಳ ತಲೆಯ ಮೇಲೆ 297 ದಿನಗಳ ಕಡ್ಡಾಯ ತರಬೇತಿ ಇತ್ತು, ಸಿಗುತ್ತಿದ್ದ ದಿನಗಳು 256. ಆದರೂ ವರದಿಗಳು ‘ಪೂರ್ಣ’ ಎಂದೇ ಮೇಲೆ ಹೋಗುತ್ತಿದ್ದವು. 2015ರಲ್ಲಿ ಅವರದೇ ಸೇನಾ ಯುದ್ಧ ಕಾಲೇಜಿನ ಇಬ್ಬರು, ಸಭ್ಯ ಅಧಿಕಾರಿಗಳು ಸುಳ್ಳು ಸಹಿಗೆ ಹೇಗೆ ಒಗ್ಗಿಹೋಗುತ್ತಾರೆ ಎಂದು ಬಿಡಿಸಿ ಬರೆದರು. ತಪ್ಪೊಪ್ಪಿದರೆ ಬಡ್ತಿ ಹೋಗುತ್ತದೆ ಎಂದಾದ ಕಡೆ ಇದು ತಪ್ಪದು. ಈ ವಿಷಯದಲ್ಲಿ ನಾಗರಿಕ ವಿಮಾನಯಾನ ಮುಂದಿದೆ: 1976ರಿಂದ ಅಮೆರಿಕದಲ್ಲಿ ಪೈಲಟ್ ತನ್ನ ತಪ್ಪನ್ನು ಗೋಪ್ಯವಾಗಿ ವರದಿ ಮಾಡಲು ವ್ಯವಸ್ಥೆಯಿದೆ, ಉದ್ದೇಶಪೂರ್ವಕವಲ್ಲದ ಉಲ್ಲಂಘನೆಯನ್ನು ಹೊತ್ತಿಗೆ ಸರಿಯಾಗಿ ತಿಳಿಸಿದವನಿಗೆ ಸಾಮಾನ್ಯವಾಗಿ ದಂಡವಿಲ್ಲ.

ಹೊಣೆ ಕೆಳಕ್ಕೆ ಜಾರುವುದೂ ಸೇನೆಗೆ ಹೊಸದಲ್ಲ. ವಿಯೆಟ್ನಾಮಿನ ಮೈ ಲಾಯ್‌ನಲ್ಲಿ 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ನೂರಾರು ಹಳ್ಳಿಗರನ್ನು ಕೊಂದ ಪ್ರಕರಣದಲ್ಲಿ ಶಿಕ್ಷೆಯಾದದ್ದು ಒಬ್ಬನೇ ಲೆಫ್ಟಿನೆಂಟನಿಗೆ. ಅವನ ಕಂಪನಿ ಕಮಾಂಡರ್ ಖುಲಾಸೆಯಾದ.

ಮೇಲೆ ಇದ್ದವರು ತಾವೇ ಇಳಿದುಬಂದದ್ದೂ ಉಂಟು. ನಮ್ಮ ಜಲಾಂತರ್ಗಾಮಿ ಐಎನ್‌ಎಸ್ ಸಿಂಧುರಕ್ಷಕ್ ಸ್ಫೋಟದಲ್ಲಿ 18 ಮಂದಿ ಹೋಗಿ ಆರು ತಿಂಗಳಾಗಿತ್ತು. 2014ರ ಫೆಬ್ರುವರಿ 26ರಂದು ಇನ್ನೊಂದು ಜಲಾಂತರ್ಗಾಮಿ ಸಿಂಧುರತ್ನದಲ್ಲೂ ಅವಘಡವಾಯಿತು, ಇಬ್ಬರು ಅಧಿಕಾರಿಗಳು ಸತ್ತರು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ಅಂದೇ ರಾಜೀನಾಮೆ ಕೊಟ್ಟರು. ಇದು ಸಮವಸ್ತ್ರದವರ ಸ್ವತ್ತೇನಲ್ಲ. 1956ರಲ್ಲಿ ಮೆಹಬೂಬನಗರದ ರೈಲು ದುರಂತವಾದಾಗ ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ ಕೊಟ್ಟ ರಾಜೀನಾಮೆಯನ್ನು ನೆಹರೂ ಒಪ್ಪಿರಲಿಲ್ಲ. ಅದೇ ನವೆಂಬರಿನಲ್ಲಿ ಅರಿಯಲೂರಿನಲ್ಲಿ ಇನ್ನೊಂದು ರೈಲು ದುರಂತವಾದಾಗ ಮತ್ತೆ ಕೊಟ್ಟು ಹೊರಬಂದರು. ಜೋಶಿ ಜಲಾಂತರ್ಗಾಮಿ ನಡೆಸುತ್ತಿರಲಿಲ್ಲ, ಶಾಸ್ತ್ರಿ ಹಳಿ ಕಾಯುತ್ತಿರಲಿಲ್ಲ.

ಈಗ ಕಾಲೇಜಿನಲ್ಲಿ ಓದುತ್ತಿರುವವರು ನಾಳೆ ಯಾವುದೋ ಪ್ರಯೋಗಾಲಯದ, ಉಗ್ರಾಣದ, ಶಾಖೆಯ ಚಾರ್ಜ್ ತೆಗೆದುಕೊಳ್ಳುತ್ತೀರಿ. ಪಟ್ಟಿ ಹಳಬರ ಕೈಯಲ್ಲಿರಲಿ, ಸಾಮಾನಿನ ಮೇಲಿನ ನಂಬರನ್ನು ನೀವು ಓದಿ ಹೇಳಿ. ಪಟ್ಟಿ ನೋಡುತ್ತಾ ಸಾಮಾನು ಹುಡುಕಿದರೆ ಪಟ್ಟಿಯಲ್ಲಿಲ್ಲದ್ದು ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲದ್ದು, ಕೆಟ್ಟದ್ದು, ಹೆಚ್ಚುವರಿ ಸಿಕ್ಕದ್ದು, ಮೂರಕ್ಕೂ ಬೇರೆ ಬೇರೆ ಸಾಲು. ಹೆಚ್ಚುವರಿಯನ್ನು ಮರೆಯಬೇಡಿ, ಮುಂದಿನ ಕೊರತೆಯನ್ನು ಮುಚ್ಚಲೆಂದೇ ಅದನ್ನು ಎತ್ತಿಟ್ಟಿರುತ್ತಾರೆ. ಇಬ್ಬರ ಸಹಿಯೂ ಒಂದೇ ಹಾಳೆಯ ಮೇಲೆ, ಹಳಬರು ಊರು ಬಿಡುವ ಮೊದಲು. ಅದರ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ.